ಸ್ಟಾಫ್ ಟೆಂಟಿನ ಹಿಂದಿನ ಬಕೆಟ್

ಅಬುಧಾಬಿಯ ಮರಳುಗಾಡಿಗೆ ಬೇಲಿ ಹಾಕಿ, ಆಫ್ರಿಕಾದ ಪ್ರಾಣಿಗಳನ್ನು ತಂದು ಬಿಟ್ಟಿದ್ದ ಸಫಾರಿ ಕ್ಯಾಂಪ್ ಅದು. ಗೆಸ್ಟ್ ಟೆಂಟುಗಳ ಹಾಸಿಗೆಬಟ್ಟೆ ಬದಲಿಸುವುದು ಬೆನೆಡಿಕ್ಟನ ಕೆಲಸ. ಹನ್ನೊಂದು ವರ್ಷ ದುಬೈಯ ಅಲ್ ಕೂಜ್‌ನ ಲಾಂಡ್ರಿಯಲ್ಲಿ ಬೆವರಿ ಬಂದವನಿಗೆ ಜಿರಾಫೆಯೂ ಅಷ್ಟಕ್ಕಷ್ಟೆ, ಜೀಬ್ರಾವೂ ಅಷ್ಟಕ್ಕಷ್ಟೆ. ಅವನನ್ನು ಹಿಡಿದು ನಿಲ್ಲಿಸಿದ್ದು ಒಂದು ಎಲ್ಯಾಂಡ್. ಹೆಸರಿಗೆ ಜಿಂಕೆ ಜಾತಿ. ನೋಡಿದರೆ ಅವನ ಊರು ಕಿನ್ನಿಗೋಳಿಯ ಹಟ್ಟಿಯ ದನವೇ, ಅದೇ ಜೋಲುವ ಗಂಗೆದೊಗಲು. ಒಂದು ಬೆಳಿಗ್ಗೆ ಸ್ಟಾಫ್ ಟೆಂಟಿನ ಹಿಂದೆ ಎದುರೆದುರೇ ಸಿಕ್ಕಿತು. ಕೊಂಬು ಅವನ ಎದೆಯ ನೇರಕ್ಕೆ. ಅವನ ಬಾಯಿಂದ ತಾನಾಗಿ ದನ ಕರೆಯುವ ಸದ್ದೇ ಹೊರಟಿತು. ಅದು ಕಿವಿ ನಿಮಿರಿಸಿ ನಿಂತಿತು.

ಮರುದಿನದಿಂದ ಮೆಸ್ಸಿನ ಅಕ್ಕಿ ತೊಳೆದ ನೀರು ಅದಕ್ಕೆಂದೇ ಬಕೆಟಿಗೆ ಬೀಳತೊಡಗಿತು, ಮೇಲಿಷ್ಟು ಅನ್ನ. ಊರಿನಲ್ಲಿ ಅದನ್ನು ಯಾರೂ ಚೆಲ್ಲುವುದಿಲ್ಲ, ಅದು ದನದ ಪಾಲು.

"ಬೆನ್ನಣ್ಣ, ಪ್ರಾಣಿಗೆ ತಿನ್ನಿಸಿದ್ರೆ ವೀಸಾ ಖಲಾಸ್. ಬೋರ್ಡ್ ಓದ್ಲಿಕ್ಕೆ ಬರುದಿಲ್ವಾ ನಿಮ್ಗೆ?" ಎಂದ ಮೆಸ್ಸಿನ ಅಡುಗೆಯ ಚನಿಯ.

"ಅದು ಗೆಸ್ಟ್‌ಗಳಿಗೆ ಮಾರಾಯ. ನಾನೆಂತ ಗೆಸ್ಟಾ?"

ದೊಡ್ಡ ಪಾರ್ಟಿಯೊಂದರ ದಿನ ಅನ್ನ ರಾಶಿ ಉಳಿಯಿತು. ಬೆನೆಡಿಕ್ಟ್ ಎರಡು ಬಕೆಟ್ ತುಂಬಿಸಿಟ್ಟ. ಬೆಳಗಾಗುವಾಗ ಎಲ್ಯಾಂಡ್ ಹೊಟ್ಟೆ ಉಬ್ಬಿ ಬಿದ್ದಿತ್ತು.

ಪ್ರಾಣಿಗಳ ಡಾಕ್ಟರ್ ನಾಝಿಯಾ ಪುತ್ತೂರಿನವಳು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದಳು, "ಯಾರಾದ್ರೂ ಎಂತಾದ್ರೂ ಹಾಕಿದ್ದೀರಾ? ಈಗ ಹೇಳಿದ್ರೆ ಉಳಿಸ್ಬಹುದು."

ಅವಳ ಹಿಂದೆಯೇ ಮ್ಯಾನೇಜರ್ ಕೈಕಟ್ಟಿ ನಿಂತಿದ್ದ. ಬೆನೆಡಿಕ್ಟನಿಗೆ ಮಂಗಳೂರಿನಲ್ಲಿ ನರ್ಸಿಂಗ್ ಎರಡನೇ ವರ್ಷದಲ್ಲಿದ್ದ ಮಗಳು ಲವಿಟಾ ಕಣ್ಣಮುಂದೆ ಬಂದಳು.

"ಇಲ್ಲ ಮೇಡಂ."

ಚನಿಯ ನೆಲ ನೋಡುತ್ತಾ ನಿಂತ. ಯಾವುದೋ ವಿಷದ ಗಿಡ ತಿಂದಿರಬೇಕೆಂದು ನಾಝಿಯಾ ಅದಕ್ಕೇ ಮದ್ದು ಕೊಟ್ಟಳು.

ಸಂಜೆಯವರೆಗೆ ಬೆನೆಡಿಕ್ಟ್ ಹಾಸಿಗೆಬಟ್ಟೆ ಬದಲಿಸಿದ್ದೇ ಬದಲಿಸಿದ್ದು. ದಾಟಿ ಹೋಗುವಾಗಲೆಲ್ಲ ಆ ಪ್ರಾಣಿ ಅವನ ಹೆಜ್ಜೆಯ ಸದ್ದಿಗೆ ಕಿವಿ ಎತ್ತುತ್ತಿತ್ತು. ಕೊನೆಗೆ ತಡೆಯಲಾರದೆ ನಾಝಿಯಾಳ ಬಳಿ ಹೋಗಿ ಕುಕ್ಕರಿಸಿದ.

"ಅನ್ನ ಹಾಕಿದ್ದೆ ಮೇಡಂ. ಎರಡು ಬಕೆಟ್."

"ಅನ್ನವಾ?" ಅವಳ ಕೈ ನಿಂತಿತು. "ಬೆಳಿಗ್ಗೆ ಹೇಳ್ಬಾರ್ದಿತ್ತಾ ಅಂಕಲ್? ಅನ್ನ ಒಳಗೆ ಹುಳಿಯುವ ಮೊದ್ಲೇ ಹೊಟ್ಟೆ ತೊಳೀತಿದ್ದೆನಲ್ಲ!"

ಆದರೂ ಪೈಪು ತರಿಸಿದಳು. ಅದು ಬರುವಷ್ಟರಲ್ಲಿ ಎಲ್ಯಾಂಡ್ ಕಾಲು ಚಾಚಿಬಿಟ್ಟಿತ್ತು.

"ನಾನು ಆಫೀಸಲ್ಲಿ ಹೇಳುದಿಲ್ಲ. ನೀವೇ ಹೇಳಿ," ಎಂದಳು ನಾಝಿಯಾ.

ಬೆನೆಡಿಕ್ಟ್ ಖಾಲಿ ಬಕೆಟ್ ಹಿಡಿದುಕೊಂಡೇ ಮ್ಯಾನೇಜರನ ಆಫೀಸಿಗೆ ನಡೆದ. ಮೂರನೇ ದಿನ ವೀಸಾ ರದ್ದಿನ ಕಾಗದಕ್ಕೆ ಸಹಿ ಹಾಕಿ ಊರಿಗೆ ಫೋನ್ ಮಾಡಿದ.

"ಕ್ಯಾನ್ಸಲ್ ಯಾಕೆ? ಎಂತ ಆಯ್ತು?" ಹೆಂಡತಿ ಅಗಾತಾ ಗಾಬರಿಯಿಂದ ಕೇಳಿದಳು.

"ಒಂದು ದನ ಸತ್ತಿತು."

"ಅಲ್ಲಿ ದನ ಎಲ್ಲಿಂದ ಬಂತು ನಿಮ್ಗೆ?"