ಬಿಳಿ ಬಳಿಯುವ ಮಂಗಳಮ್ಮ ಬಿಳಿ ತೆಗೆದ ಐದು ತಿಂಗಳು

ಬೆಳಗಿನ ಐದೂವರೆ. ಮಂಡ್ಯದ ಹತ್ತಿರದ ಯಲಿಯೂರಿನ ಮಂಗಳಮ್ಮ ಹಸುವಿನ ಹಾಲು ಕರೆದು, ಡೇರಿಗೆ ಕಳಿಸಿ, ಕೈ ತೊಳೆದುಕೊಂಡು ಜಗುಲಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ಉಗುರುಬೆಚ್ಚಗಿನ ನೀರಿನ ಚೊಂಬು, ತೊಡೆಯ ಮೇಲೆ ಹಳೇ ಪಂಚೆಯ ತುಂಡು. ಎದುರಿಗೆ ಗೋಡೆಗೆ ಒರಗಿಸಿದ ನಾಲ್ಕಡಿ ಮೂರಡಿಯ ಕ್ಯಾನ್ವಾಸು. ಬಟ್ಟೆಯನ್ನು ತೋರುಬೆರಳಿಗೆ ಸುತ್ತಿಕೊಂಡು, ನೀರಿಗೆ ಅದ್ದಿ, ಬಲಮೂಲೆಯಲ್ಲಿ ಉಳಿದಿರುವ ಬಿಳಿಯನ್ನು ಬೆರಳಗಲ ಒದ್ದೆ ಮಾಡುತ್ತಾರೆ. ನೂರು ಎಣಿಸುವಷ್ಟು ಹೊತ್ತು ಸುಮ್ಮನೆ ಕಾಯುತ್ತಾರೆ. ಆಮೇಲೆ ಮೆಲ್ಲಗೆ, ಎಳೆಗೂಸಿನ ಮುಖ ಒರೆಸುವ ಹಾಗೆ ಉಜ್ಜುತ್ತಾರೆ. ಬಿಳಿ ಸಿಪ್ಪೆ ಏಳುತ್ತದೆ, ಅದರಡಿಯಿಂದ ಬೂದಿ ಬಣ್ಣ ಇಣುಕುತ್ತದೆ. ಮೈಸೂರಿನ ಕಡೆ ರೈಲು ಹೋಗುವಾಗ ಮಾತ್ರ ಕೈ ನಿಲ್ಲಿಸುತ್ತಾರೆ. ಜಗುಲಿ ಅದುರಿ ಉಗುರು ತಾಗಿಬಿಟ್ಟರೆ ಎಂಬ ಭಯ ಅವರಿಗೆ.

ತಮಾಷೆ ನೋಡಿ, ಈ ಹೆಂಗಸಿನ ಕಸುಬೇ ಬಿಳಿ ಬಳಿಯುವುದು! ಇಪ್ಪತ್ತೆಂಟು ವರ್ಷದಿಂದ ಬಳಿಯುತ್ತಾ ಬಂದಿದ್ದಾರೆ. ಈ ಒಂದು ಚಿತ್ರದ ಮುಂದೆ ಕೂತು ಐದು ತಿಂಗಳಿಂದ ಬಿಳಿ ತೆಗೆಯುತ್ತಿದ್ದಾರೆ.

ಮಂಡ್ಯ, ಮೈಸೂರು, ಬೆಂಗಳೂರಿನ ಸುಮಾರು ಮೂವತ್ತು ಚಿತ್ರಕಲಾವಿದರಿಗೆ ಕ್ಯಾನ್ವಾಸು ಸಿದ್ಧಪಡಿಸಿ ಕೊಡುವವರು ಮಂಗಳಮ್ಮ. ಪ್ರದರ್ಶನಗಳಲ್ಲಿ ಗದ್ದ ನೀವಿಕೊಂಡು 'ಆಹಾ, ಏನು ಆಳ' ಎನ್ನುವ ಮಹನೀಯರಿಗೆ ಆ ಬಣ್ಣಗಳ ಅಡಿಯಲ್ಲಿ ಯಲಿಯೂರಿನ ಮೂರು ಕೋಟು ಬಿಳಿ ಇದೆ ಎಂದು ತಿಳಿಯುವುದಿಲ್ಲ. ತಿಳಿಯಲೂಬಾರದು. ಅದು ಕಣ್ಣಿಗೆ ಬಿತ್ತು ಎಂದರೆ ಕೆಲಸ ಕೆಟ್ಟಿದೆ ಎಂದೇ ಲೆಕ್ಕ.

ವಾರಕ್ಕೆ ಇಪ್ಪತ್ತು ಕ್ಯಾನ್ವಾಸು. ಮರದ ಚೌಕಟ್ಟು ಮಾಡಿಕೊಡುವವರು ಗಂಡ ಮಾದಯ್ಯ. ಕಬ್ಬಿನ ಗದ್ದೆಯ ಕೆಲಸ ಮುಗಿಸಿ ಮಧ್ಯಾಹ್ನ ಉಳಿ ಹಿಡಿಯುತ್ತಾರೆ. ದಪ್ಪ ಹತ್ತಿಬಟ್ಟೆಯನ್ನು ನಡುವಿನಿಂದ ಎಳೆದು ಮೊಳೆ ಹೊಡೆದು, ಮೂಲೆಗಳನ್ನು ಕೊನೆಗೆ ಮಡಿಸಬೇಕು. ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಅನ್ನಬೇಕು. ಆಮೇಲೆ ಒಂದು ಕೋಟು ಗೋಂದು, ಮೂರು ಕೋಟು ಬಿಳಿ, ಪ್ರತಿ ಕೋಟು ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜುವುದು. "ಎಲ್ಲಾ ಒಂಬತ್ತು ಗಂಟೆ ಒಳ್ಗೆ ಆಗ್ಬುಡ್ಬೇಕು. ಬಿಸ್ಲು ಬಲೀತು ಅಂದ್ರೆ ಬಿಳಿ ಬಿರೀತದೆ" ಎನ್ನುತ್ತಾರೆ. ಮಾದಯ್ಯನವರಿಗೆ ಬೇರೆಯೇ ದೂರು: "ನಮ್ ಮನೆ ಗ್ವಾಡೆಗೆ ಸುಣ್ಣ ಕಂಡು ಮೂರ್ ವರ್ಸ ಆಯ್ತು ಸಾರ್. ಇವ್ಳು ದಿನಾ ಬಟ್ಟೆಗೆ ಬಳೀತವ್ಳೆ."

ಈ ಕೆಲಸಕ್ಕೆ ಹಚ್ಚಿದವರು ಮಂಡ್ಯದ ಡ್ರಾಯಿಂಗ್ ಮೇಷ್ಟ್ರು ವೆಂಕಟೇಶಮೂರ್ತಿ. ಆಗ ಮಂಗಳಮ್ಮ ರವಿಕೆ ಹೊಲಿಯುತ್ತಿದ್ದರು. ದೊಡ್ಡ ಚಿತ್ರಕ್ಕೆ ಬಟ್ಟೆಯ ಅಗಲ ಸಾಲದು, ಎರಡು ತುಂಡು ಕೂಡಿಸಬೇಕು, ಹೊಲಿಗೆ ಕಾಣಬಾರದು ಎಂದು ಹುಡುಕಿಕೊಂಡು ಬಂದಿದ್ದರಂತೆ. ಹೊಲಿದುಕೊಟ್ಟರು, ಕಾಣಲಿಲ್ಲ. ಮೇಷ್ಟ್ರು ಖುಷಿಯಾಗಿ ಗೋಂದು ಕಾಯಿಸುವುದನ್ನೂ ಬಿಳಿ ಕಲೆಸುವುದನ್ನೂ ಕಲಿಸಿದರು. ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು.

ಕೆಟ್ಟುಹೋದ ಚಿತ್ರಗಳೂ ಇವರ ಬಳಿಗೇ ಬರುತ್ತವೆ. ಮೇಲೆ ಬಿಳಿ ಬಳಿದರೆ ಕ್ಯಾನ್ವಾಸು ಮತ್ತೆ ಹೊಸದು. ಹಾಗಾಗಿ ಕಲಾವಿದರು ಜಗತ್ತಿಗೆ ತೋರಿಸದೆ ಬಚ್ಚಿಟ್ಟಿದ್ದನ್ನೆಲ್ಲ ಈಕೆ ನೋಡಿದ್ದಾರೆ. ಮೇಷ್ಟ್ರ ಇಡೀ ಪ್ರಯಾಣ ಇವರಿಗೆ ಬಾಯಿಪಾಠ.

"ಮೊದ್ಲು ಅಸ ಬರೀತಿದ್ರು. ಅಸ ಅಂದ್ರೆ ಅಸವೇ, ಉಲ್ಲು ಮೇಯ್ತಾ ನಿಂತಿರೋದು. ಬಟ್ಟೆ ನುಣ್ಣಗಿರ್ಬೇಕು ಮಂಗಳಮ್ಮ ಅನ್ನೋರು. ಆಮ್ಯಾಕೆ ಅಸ ಮೂಲೆಮೂಲೆ ಆಯ್ತು, ಪೆಟ್ಗೆ ಜೋಡ್ಸಿದಂಗೆ. ಆಮ್ಯಾಕೆ ಕೊಂಬು ಮಾತ್ರ ಉಳೀತು. ಒಂದಿನ ಅದೂ ಓಯ್ತು, ಬರೀ ಬಣ್ಣ! ಬಟ್ಟೆ ಒರಟಾಗಿರ್ಲಿ ಅಂದ್ರು. ಅಸ ಎಲ್ಲೋಯ್ತು ಮೇಷ್ಟ್ರೇ ಅಂದೆ. ಇಲ್ಲೇ ಇದೆ, ನೋಡೋ ರೀತಿ ಬದಲಾಗಿದೆ ಅಂದ್ರು. ನಂಗೆ ನಗು ಬಂತು. ಮನೇಗೋಗಿ ಯೋಚ್ನೆ ಮಾಡ್ದೆ, ನಗು ಓಯ್ತು."

ಇದೇ ಹಾದಿಯನ್ನು ನಡೆಯಲು ಚಿತ್ರಕಲೆಯ ಲೋಕಕ್ಕೆ ಹಲವು ದಶಕಗಳು ಬೇಕಾದವು. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಕೆಲಸವನ್ನು ಕ್ಯಾಮೆರಾ ಕಿತ್ತುಕೊಂಡ ಮೇಲೆ, ಚಿತ್ರಕಾರರು ಮೊದಲು ಬೆಳಕಿನ ಬೆನ್ನು ಹತ್ತಿದರು. ಆಮೇಲೆ ಆಕಾರವನ್ನು ತುಂಡು ಮಾಡಿ ಜೋಡಿಸಿದರು. ಕೊನೆಗೆ ವಸ್ತುವನ್ನೇ ಬಿಟ್ಟು ಬಣ್ಣ, ಗೆರೆ, ಖಾಲಿ ಜಾಗ ಇಷ್ಟರಿಂದಲೇ ಮನಸ್ಸಿನ ಮಾತು ಆಡಲು ಹೊರಟರು. ಅದನ್ನು ಅಮೂರ್ತ ಚಿತ್ರ ಎಂದರು. ನಮ್ಮ ದೇಶದ ಕಲಾವಿದರೂ ಕಳೆದ ಶತಮಾನದಲ್ಲಿ ಆ ಹಾದಿಗೆ ತಮ್ಮದೇ ಮಣ್ಣು ಬೆರೆಸಿದರು. ಪುಸ್ತಕಗಳು ದಪ್ಪ ದಪ್ಪ ಇವೆ, ಓದಿಕೊಳ್ಳಿ. ಮಂಗಳಮ್ಮ ಓದಿಲ್ಲ, ಬಟ್ಟೆಯ ಒರಟುತನದಲ್ಲೇ ಅದನ್ನು ಅರಿತವರು.

ಆ ಅರಿವೇ ಈ ಜನವರಿಯಲ್ಲಿ ಅವರನ್ನು ಕೆಡವಿತು.

ಸಂಕ್ರಾಂತಿಯ ಮರುವಾರ ಮೇಷ್ಟ್ರು ಆಟೋದಲ್ಲಿ ಎರಡು ಕ್ಯಾನ್ವಾಸು ಕಳಿಸಿದರು, ಒಂದಕ್ಕೆ ಬಿಳಿ ಬಳಿಯಲು, ಇನ್ನೊಂದನ್ನು ಬಿಗಿ ಮಾಡಲು. ಬಿಳಿ ಬಳಿಯಬೇಕಾದದ್ದರ ಬೆನ್ನಿಗೆ ಸೀಮೆಸುಣ್ಣದಲ್ಲಿ ಇಂಟು ಗುರುತು ಹಾಕುವುದು ಇವರ ನಡುವಿನ ಪದ್ಧತಿ. ಗುರುತಿಲ್ಲದ್ದರ ಸಡಿಲಾದ ಬಟ್ಟೆ ಬಿಗಿ ಮಾಡಿ ವಾಪಸು ಕೊಟ್ಟರಾಯಿತು. ಆದರೆ ಎರಡನ್ನೂ ಬೆನ್ನಿಗೆ ಬೆನ್ನು ಸೇರಿಸಿ ಕಟ್ಟಿದ್ದರು. ಮಂಡ್ಯದಿಂದ ಬರುವಷ್ಟರಲ್ಲಿ ಸೀಮೆಸುಣ್ಣ ಒಂದರಿಂದ ಇನ್ನೊಂದಕ್ಕೆ ಅಂಟಿ, ಎರಡರ ಬೆನ್ನಲ್ಲೂ ಮಸುಕು ಮಸುಕಾದ ಇಂಟು.

ಒಂದರಲ್ಲಿ ಕೆಂಪು, ನೀಲಿ, ಕಡುಹಸಿರು ಮೇಳೈಸಿದ್ದವು. ಇನ್ನೊಂದು ಬರೀ ಬೂದಿ, ಎಡಗಡೆ ಕೆಳಗೆ ಸಣ್ಣ ಹಸಿರು ಗೆರೆ. ಇದು ಅರ್ಧಕ್ಕೆ ಬಿಟ್ಟದ್ದೇ ಸೈ ಎಂದುಕೊಂಡರು ಮಂಗಳಮ್ಮ. ಉಪ್ಪುಕಾಗದ ಉಜ್ಜಿದರು, ಎರಡು ಕೋಟು ಬಿಳಿ ಎಳೆದರು.

"ಪೋನು ಗೂಡಲ್ಲೇ ಇತ್ತು. ಒಂದ್ ಮಾತು ಕೇಳಿದ್ರೆ ಮುಗೀತಿತ್ತು. ಕೇಳ್ನಿಲ್ಲ. ಇಪ್ಪತ್ತೆಂಟ್ ವರ್ಸ ನೋಡಿವ್ನಿ, ನಂಗೊತ್ತಿಲ್ವಾ ಅನ್ನೋ ದಿಮಾಕು" ಎನ್ನುವಾಗ ಅವರು ತಲೆ ಎತ್ತುವುದಿಲ್ಲ.

ಆ ಬೂದಿ ಚಿತ್ರ, ಮೇಷ್ಟ್ರ ಹೆಂಡತಿ ಪಂಕಜಮ್ಮ ಹಾಸಿಗೆ ಹಿಡಿದ ಎಂಟು ತಿಂಗಳಲ್ಲಿ, ಅವರ ಮಂಚದ ಪಕ್ಕದಲ್ಲೇ ಕೂತು ಬರೆದದ್ದು. ಅವರು ತೀರಿಕೊಂಡು ಎರಡು ವರ್ಷ. ಅದಾದ ಮೇಲೆ ಮೇಷ್ಟ್ರು ಕುಂಚ ಮುಟ್ಟಿಲ್ಲ. ಹಳೆಯ ಚಿತ್ರವೊಂದಕ್ಕೆ ಬಿಳಿ ಬಳಿಸಿ, ಮತ್ತೆ ಶುರು ಮಾಡೋಣ ಎಂದು ಮನಸ್ಸು ಮಾಡಿದ್ದೇ ಆ ವಾರ. ತೆಗೆದುಕೊಂಡು ಹೋಗಲು ಬಂದ ಮೇಷ್ಟ್ರು ಬೆಳ್ಳಗಿನ ಕ್ಯಾನ್ವಾಸನ್ನು ನೋಡಿದರು. ಬೈಯಲಿಲ್ಲ. "ಅವಳ ಮಂಚದ ಪಕ್ಕ ಕೂತು ಬರೆದದ್ದು ಅದು. ಹೋಗಲಿ ಬಿಡಿ" ಎಂದಷ್ಟೇ ಹೇಳಿ, ಎರಡನ್ನೂ ಅಲ್ಲೇ ಬಿಟ್ಟು ಆಟೋ ಹತ್ತಿದರು. "ಬೈದಿದ್ರೆ ತಡ್ಕೊಬೋದಿತ್ತು ಕಣಪ್ಪ. ಆ 'ಬಿಡಿ' ಅಂದ್ರಲ್ಲ, ಅದು ಒಳಿಕ್ಕೆ ಓಗ್ಬುಡ್ತು" ಎನ್ನುತ್ತಾರೆ ಮಂಗಳಮ್ಮ.

ಮೂರು ದಿನ ಊಟ ಸೇರಲಿಲ್ಲ. ಇನ್ನೊಂದು ಬಟ್ಟೆ ಕೊಟ್ಟು ಕೈ ಮುಗಿದುಬಿಡು ಎಂದರಂತೆ ಮಾದಯ್ಯ. "ಬಟ್ಟೆ ಕೊಡ್ಬೋದು. ಪಂಕಜಮ್ಮೋರ್ನ ಯಾವ ಬಟ್ಟೇಲಿ ಕೊಡ್ಲಿ?" ಎಂದು ಗಂಡನ ಬಾಯಿ ಮುಚ್ಚಿಸಿದರು.

ನಾಲ್ಕನೆಯ ದಿನ ಕ್ಯಾನ್ವಾಸಿನ ಅಂಚಿನಲ್ಲಿ ಒಂದು ಸಿಪ್ಪೆ ಎದ್ದಿದ್ದು ಕಂಡಿತು. ಎಣ್ಣೆಬಣ್ಣದ ಮೇಲೆ ನೀರಿನಲ್ಲಿ ಕಲೆಸಿದ ಬಿಳಿ ಪೂರಾ ಕಚ್ಚಿಕೊಳ್ಳುವುದಿಲ್ಲ. ಬೇರೆ ದಿನವಾಗಿದ್ದರೆ ಇದು ಕಸುಬಿನ ತಲೆನೋವು, ಅವತ್ತು ದೇವರೇ ಕೈ ಹಿಡಿದಂತಾಯಿತು. ಅಂದಿನಿಂದ ದಿನಕ್ಕೆ ಒಂದು ಅಂಗೈಯಗಲ. ನೀರು ಬಿಸಿಯಾದರೆ ಬಣ್ಣವೂ ಏಳುತ್ತದೆ, ತಣ್ಣಗಾದರೆ ಬಿಳಿ ಮಿಸುಕುವುದಿಲ್ಲ. ಮುಕ್ಕಾಲು ಗಂಟೆಗಿಂತ ಹೆಚ್ಚು ಮಾಡಿದರೆ ಬೆರಳು ಸೋಲುತ್ತದೆ. ಐವತ್ತೆಂಟು ವಯಸ್ಸು ಅವರಿಗೆ.

ನಡುವೆ ಒಂದು ಗಂಡಾಂತರ ಎದುರಾಯಿತು. ಉಪ್ಪುಕಾಗದ ಜೋರಾಗಿ ಬಿದ್ದಿದ್ದ ಜಾಗದಲ್ಲಿ ಬೂದಿಯೂ ಸವೆದು, ಅಡಿಯಿಂದ ಹಳದಿ ಎದ್ದಿತು. ಬಂದ ಚಿತ್ರದಲ್ಲಿ ಹಳದಿ ಇರಲಿಲ್ಲ. ಅದನ್ನು ಮುಚ್ಚಿಬಿಡುವುದು ಮಂಗಳಮ್ಮನಿಗೆ ಎಷ್ಟರ ಕೆಲಸ? ಒಂದು ಚಿಟಿಕೆ ಬೂದಿ ಬಣ್ಣ ಕಲೆಸಿದ್ದರೆ ಮೇಷ್ಟ್ರಿಗೂ ಗೊತ್ತಾಗುತ್ತಿರಲಿಲ್ಲ. ಕಲೆಸಲಿಲ್ಲ.

ಇವತ್ತು ಕೊನೆಯ ಮೂಲೆ. ಆರೂಕಾಲಿಗೆ ಅದೂ ಮುಗಿಯುತ್ತದೆ. ಎಂಟಕ್ಕೆ ಮನೆ ಮುಂದೆ ಆಟೋ ನಿಲ್ಲುತ್ತದೆ. ಮಂಗಳಮ್ಮನೇ ನಿನ್ನೆ ಫೋನು ಮಾಡಿ ಕರೆದಿದ್ದಾರೆ. ಎಪ್ಪತ್ತನಾಲ್ಕರ ವೆಂಕಟೇಶಮೂರ್ತಿ ನಿಧಾನವಾಗಿ ಇಳಿಯುತ್ತಾರೆ, ಅಂಗಳಕ್ಕೆ ಬಂದು ಚಿತ್ರ ಕಂಡು ಅಲ್ಲೇ ನಿಂತುಬಿಡುತ್ತಾರೆ.

ಮಂಗಳಮ್ಮ ತಡೆಯಲಾರದೆ ಶುರು ಮಾಡುತ್ತಾರೆ. "ಮೇಷ್ಟ್ರೇ, ಇಲ್ಲಿ ಅಳದಿ ಎದ್ಬುಟ್ಟದೆ. ನಾನೇ ಜಾಸ್ತಿ ಉಜ್ಬುಟ್ಟಿದ್ದೆ. ಇದು ನೀವ್ ಕಳ್ಸಿದಂಗಿಲ್ಲ, ನಂಗೊತ್ತು. ತೆಪ್ಪು ನಂದು."

ಮೇಷ್ಟ್ರು ಹತ್ತಿರ ಬಂದು, ದೂರ ಹೋಗಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡುತ್ತಾರೆ. ಆಮೇಲೆ ಕೇಳುತ್ತಾರೆ: "ಮಂಗಳಮ್ಮ, ನಿಮಗೆ ಇದರಲ್ಲಿ ಏನು ಕಾಣುತ್ತೆ?"

ಈ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ಯಾವ ಕಲಾವಿದರೂ ಅವರಿಗೆ ಕೇಳಿದ್ದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಮೊದಲ ಸಲ ನೋಡುವವರ ಹಾಗೆ ನೋಡುತ್ತಾರೆ. ಚಿತ್ರದಲ್ಲಿ ಕಣ್ಣಿಲ್ಲ, ಮೂಗಿಲ್ಲ, ಮನುಷ್ಯರ ಸುಳಿವೇ ಇಲ್ಲ. ಬೂದಿಯ ನಡುವೆ ಹಳದಿ ಇದೆ ಅಷ್ಟೆ.

"ಅಮ್ಮಾವ್ರು ಎದ್ದು ಕುಂತವ್ರೆ" ಎನ್ನುತ್ತಾರೆ.

ಮೇಷ್ಟ್ರು ಜಗುಲಿಯ ಅಂಚಿಗೆ ಕುಸಿದು ಕೂರುತ್ತಾರೆ. ಮಾದಯ್ಯ ನೀರು ತರಲು ಒಳಗೆ ಓಡುತ್ತಾರೆ. "ಆ ಹಳದಿ ನಾನೇ ಹಚ್ಚಿದ್ದು" ಎನ್ನುತ್ತಾರೆ ಮೇಷ್ಟ್ರು. "ಮೊದಲ ತಿಂಗಳು ಅವಳಿಗೆ ಏಳೋಕೆ ಆಗ್ತಿತ್ತು. ಬೆಳಗ್ಗೆ ಕಿಟಕಿ ಹತ್ತಿರ ಕೂತ್ಕೊಳ್ಳೋಳು, ಹಿಂದಿನ ಗೋಡೆ ಮೇಲೆ ಹೀಗೇ ಬಿಸಿಲು ಬೀಳ್ತಿತ್ತು. ಆಮೇಲೆ ಏಳಲಿಲ್ಲ. ಅದರ ಮೇಲೆ ಬೂದಿ ಬಳಿದುಬಿಟ್ಟೆ. ಹಳದಿ ಇತ್ತು ಅನ್ನೋದನ್ನೇ ನಾನು ಮರೆತಿದ್ದೆ, ಮಂಗಳಮ್ಮ."

ಇಬ್ಬರೂ ಅಳುತ್ತಾರೆ, ನಾಚಿಕೆಯಿಲ್ಲದೆ ಅಳುತ್ತಾರೆ. ಮಾದಯ್ಯ ನೀರಿನ ಲೋಟ ಹಿಡಿದುಕೊಂಡು ಯಾರಿಗೆ ಕೊಡುವುದೋ ತಿಳಿಯದೆ ನಿಂತಿದ್ದಾರೆ.

ಚಿತ್ರ ಮಾರಾಟಕ್ಕಲ್ಲ, ಪ್ರದರ್ಶನಕ್ಕೂ ಇಲ್ಲ, ಅದೇ ಕಿಟಕಿಯ ಎದುರಿಗೆ ತೂಗುಹಾಕುತ್ತೇನೆ ಎನ್ನುತ್ತಾರೆ ಮೇಷ್ಟ್ರು. ಮಂಗಳಮ್ಮ ಹಳೇ ಸೀರೆಯಲ್ಲಿ ಅದನ್ನು ಸುತ್ತಿ, ಆಟೋದ ಸೀಟಿಗೆ ತಾವೇ ಆನಿಸಿ ಇಡುತ್ತಾರೆ. ನಿಮಗೆ ನನ್ನಿಂದ ಏನಾಗಬೇಕು ಹೇಳಿ ಎಂದು ಮೇಷ್ಟ್ರು ಒತ್ತಾಯಿಸಿದಾಗ ಬೇಡ ಬೇಡ ಎಂದು ತಲೆಯಾಡಿಸುತ್ತಾರೆ. ಆಟೋ ಸ್ಟಾರ್ಟ್ ಆದ ಮೇಲೆ ಅದೇನೋ ನೆನೆಸಿಕೊಂಡು, ಒಳಗೆ ಬಗ್ಗಿ, ಸಂಕೋಚದಲ್ಲೇ ಕೇಳುತ್ತಾರೆ:

"ಒಂದಿನ ಒತ್ತಾರೆ, ಬಿಸ್ಲು ಬೀಳೋ ಒತ್ಗೆ ಬಂದು, ಒಂದ್ ಗಳಿಗೆ ಅಮ್ಮಾವ್ರ್ನ ನೋಡ್ಕೊಂಡು ಓಗ್ಲಾ ಮೇಷ್ಟ್ರೇ?"