ತೊಂಬತ್ತೆಂಟು ಪಾಯಿಂಟ್ ನಾಲ್ಕು

ಅಣ್ಣನಿಗೆ ಕಾಯಿಲೆ ಎರಡನೇ ಸಲ ಬಂದಾಗ ನನಗೆ ಅಳು ಬರಲಿಲ್ಲ, ಸುಸ್ತಾಯಿತು. ಮೊದಲ ಸಲ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಲಿಂಫೋಮಾ ಎಂಬ ಕ್ಯಾನ್ಸರ್ ಎಂದು ತಿಳಿದಾಗ, ಅಳುವುದನ್ನೆಲ್ಲ ಅತ್ತು ಮುಗಿಸಿದ್ದೆ. ಕೀಮೋ ಮುಗಿದು ಒಂದೂವರೆ ವರ್ಷ ನೆಮ್ಮದಿಯಾಗಿದ್ದೆವು. ಆಮೇಲೆ ಕಂಕುಳಲ್ಲಿ ಮತ್ತೆ ಗಂಟು. ಅವನು ಫೋನ್ ಮಾಡಿದಾಗ ನಾನು ಕಾಲೇಜಿನ ಆಫೀಸಿನಲ್ಲಿ ಪರೀಕ್ಷೆಯ ಅರ್ಜಿಗಳಿಗೆ ಸೀಲು ಹೊಡೆಯುತ್ತಿದ್ದೆ. ಫೋನ್ ಇಟ್ಟು, ಉಳಿದ ಅರ್ಜಿಗಳಿಗೂ ಸೀಲು ಹೊಡೆದೇ ಮೇಲೆದ್ದೆ.

ನಾನಿರುವುದು ಶಿವಮೊಗ್ಗದಲ್ಲಿ. ಅವನಿರುವುದು ಭದ್ರಾವತಿಯಲ್ಲಿ, ನ್ಯೂ ಟೌನ್ ದಾಟಿ ಸ್ವಲ್ಪ ಮುಂದೆ. ಅತ್ತಿಗೆ ತೀರಿಕೊಂಡು ಆರು ವರ್ಷ, ಅವರಿಗೆ ಮಕ್ಕಳಿಲ್ಲ. ನಾನಂತೂ ಮದುವೆಯ ತಂಟೆಗೇ ಹೋದವಳಲ್ಲ. ಹಾಗಾಗಿ ಆಸ್ಪತ್ರೆಯ ಕಾಗದಗಳಲ್ಲಿ ‘ರೋಗಿಯ ಕಡೆಯವರು’ ಎಂಬಲ್ಲೆಲ್ಲ ನನ್ನದೇ ಸಹಿ. ಯಾರಾದರೂ ‘ಅಣ್ಣನಿಗೋಸ್ಕರ ಎಷ್ಟು ಮಾಡ್ತೀರಿ’ ಎಂದು ಹೊಗಳಿದರೆ ನನಗೆ ಮೈ ಉರಿಯುತ್ತಿತ್ತು. ಮಾಡದೆ ಏನು ಮಾಡಲಿ, ಬೇರೆ ಯಾರಿದ್ದಾರೆ?

ಬೆಂಗಳೂರಿನ ಆಸ್ಪತ್ರೆಯ ಡಾಕ್ಟರು ಈ ಸಲ ಬರೀ ಔಷಧಿ ಸಾಲದು, ಸ್ಟೆಮ್ ಸೆಲ್ ಕಸಿ ಮಾಡಬೇಕು ಎಂದರು. ಅವನ ರಕ್ತದಿಂದಲೇ, ಹೊಸ ರಕ್ತ ಹುಟ್ಟಿಸುವ ಕಣಗಳನ್ನು ಸೋಸಿ ತೆಗೆದು ಹೆಪ್ಪುಗಟ್ಟಿಸಿ ಇಡುತ್ತಾರೆ. ಆಮೇಲೆ ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲ ಸಾಯುವಷ್ಟು ಜೋರಾದ ಕೀಮೋ ಕೊಟ್ಟು, ತೆಗೆದಿಟ್ಟ ಕಣಗಳನ್ನು ವಾಪಸ್ ಮೈಗೆ ಹಾಕುತ್ತಾರೆ. ಅವು ಬೇರೂರಿದರೆ ಮನುಷ್ಯ ಉಳಿದ. ಅಣ್ಣ ಇಪ್ಪತ್ತೆಂಟು ವರ್ಷ ಫೌಂಡ್ರಿಯಲ್ಲಿ ಕುಲುಮೆಯ ಮುಂದೆ ನಿಂತವನು. ಹಳೇ ಕಬ್ಬಿಣ ಕರಗಿಸಿ ಮತ್ತೆ ಎರಕ ಹೊಯ್ಯೋದು ಅನ್ನಿ ಎಂದ. ಡಾಕ್ಟರಿಗೆ ಅದು ಇಷ್ಟವಾಯಿತು. ನನಗೆ ಆಗಲಿಲ್ಲ.

ಅದೇ ಆಸ್ಪತ್ರೆಯಲ್ಲಿ ಒಂದು ಸಂಶೋಧನೆಯೂ ನಡೆಯುತ್ತಿತ್ತು. ಕಸಿಯಾದವರಲ್ಲಿ ಅರ್ಧ ಜನಕ್ಕೆ ಒಂದು ಹೊಸ ಗುಳಿಗೆ ಕೊಡುವುದು, ಇನ್ನರ್ಧ ಜನಕ್ಕೆ ಕೊಡದೆ ಗಮನಿಸುವುದು, ಯಾರಿಗೆ ಕಾಯಿಲೆ ತಿರುಗಿ ಬರುತ್ತದೆ ಎಂದು ನೋಡುವುದು. ಯಾರು ಯಾವ ಕಡೆ ಎಂದು ಆರಿಸುವುದು ಕಂಪ್ಯೂಟರ್. ಒಪ್ಪಿಗೆ ಪತ್ರವನ್ನು ನಾನು ಎರಡು ಸಲ ಓದಿದೆ, ಅವನು ಕೊನೆಯ ಹಾಳೆ ಹುಡುಕಿ ಸಹಿ ಹಾಕಿದ. ಕಂಪ್ಯೂಟರ್ ಅವನನ್ನು ಗುಳಿಗೆ ಇಲ್ಲದ ಕಡೆಗೆ ಹಾಕಿತು. ‘ಬರೀ ನೋಡ್ತಾರಂತೆ ಮಾರಾಯ್ತಿ, ನಾನೇನು ಟಿವಿನಾ?’ ಎಂದು ನನ್ನ ಹತ್ತಿರ ಗೊಣಗಿದ. ಸಂಶೋಧನೆಯ ಕಾಗದಪತ್ರ ನೋಡುವ ಹುಡುಗಿ, ಹಾಸನದ ಕಡೆಯವಳು, ತಾಳ್ಮೆಯಿಂದ ತಿಳಿಸಿ ಹೇಳಿದಳು: ಗುಳಿಗೆ ಇಲ್ಲದವರು ಹೇಗಿದ್ದಾರೆ ಎಂದು ಗೊತ್ತಾಗದೆ, ಗುಳಿಗೆಯಿಂದ ಏನಾಯಿತು ಎಂದು ಹೇಳುವುದಾದರೂ ಹೇಗೆ? ಅವನು ತಲೆ ಆಡಿಸಿದ. ಅರ್ಥವಾಗಿದೆ ಎಂದುಕೊಂಡೆ.

ಕಣಗಳನ್ನು ವಾಪಸ್ ಹಾಕಿದ ದಿನ ಕೋಣೆಯೆಲ್ಲ ಬೇಯಿಸಿದ ಜೋಳದ ವಾಸನೆ. ಅವು ಕೆಡದಂತೆ ಸೇರಿಸಿದ್ದ ಔಷಧಿಯದಂತೆ. ಆಮೇಲಿನ ಮೂರು ವಾರ ಬಾಯಲ್ಲಿ ಹುಣ್ಣು, ವಾಂತಿ, ಭೇದಿ; ತಲೆ ಬೋಳಾಗಿ ಅವನು ಅಪ್ಪನ ಹಾಗೆ ಕಾಣಿಸತೊಡಗಿದ. ನಾನು ಗಾಜಿನ ಆಚೆ ಮಾಸ್ಕ್ ಹಾಕಿಕೊಂಡು ಕೂತಿರುತ್ತಿದ್ದೆ. ಕೊನೆಗೂ ಕಣ ಬೇರೂರಿತು. ಮನೆಗೆ ಕಳಿಸುವಾಗ ಆ ಹುಡುಗಿ ಒಂದು ಡೈರಿ ಕೊಟ್ಟಳು. ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆಯಬೇಕು. ತೂಕ ಬರೆಯಬೇಕು. ಆಯಾಸ ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಕಬೇಕು. ಜ್ವರ ನೂರು ಪಾಯಿಂಟ್ ನಾಲ್ಕು ಮುಟ್ಟಿದರೆ ಯಾವ ಹೊತ್ತಾದರೂ ಸರಿ ಫೋನ್ ಮಾಡಬೇಕು, ಕೇಳದೆ ಜ್ವರದ ಮಾತ್ರೆ ನುಂಗಬಾರದು. ಇವರ ಮೈಯಲ್ಲಿ ಈಗ ಸೋಂಕು ತಡೆಯುವ ಶಕ್ತಿ ಹಸುಗೂಸಿಗಿರುವಷ್ಟೂ ಇಲ್ಲ, ಒಂದು ದಿನ ತಡವಾದರೂ ಜೀವಕ್ಕೆ ಅಪಾಯ ಎಂದು ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು.

ರಜೆ ಇದ್ದಷ್ಟು ದಿನ ಭದ್ರಾವತಿಯಲ್ಲೇ ಇದ್ದೆ. ರಜೆ ಮುಗಿದ ಮೇಲೆ ದಿನ ಬಿಟ್ಟು ದಿನ, ಆಫೀಸು ಮುಗಿಸಿ ಪ್ರೈವೇಟ್ ಬಸ್ ಹತ್ತುವುದು, ಅವನಿಗೆ ಸಾರು, ಪಲ್ಯ ಮಾಡಿಟ್ಟು ಮತ್ತೆ ಏಳೂವರೆಯ ಬಸ್ಸಿಗೆ ಓಡುವುದು. ಮನೆಗೆ ಬಂದು ನನಗೆ ಮಾತ್ರ ಉಪ್ಪಿನಕಾಯಿ, ಮೊಸರನ್ನ. ತಿಂಗಳು ಕಳೆಯುವುದರಲ್ಲಿ ಸೊಂಟ ಬಿದ್ದುಹೋಯಿತು. ಬಾಗಿಲು ತೆಗೆದ ಕೂಡಲೆ ‘ಹೇಗಿದ್ದೀಯ’ ಎಂದು ಕೇಳುತ್ತಿದ್ದೆ, ‘ಫಸ್ಟ್ ಕ್ಲಾಸ್’ ಎನ್ನುತ್ತಿದ್ದ. ಅಷ್ಟು ಸಾಕಿತ್ತು.

ಒಂದು ಸಂಜೆ ಅವನು ಸ್ನಾನಕ್ಕೆ ಹೋಗಿದ್ದಾಗ ಡೈರಿ ತೆಗೆದು ನೋಡಿದೆ. ಬೆಳಿಗ್ಗೆ ತೊಂಬತ್ತೆಂಟು ಪಾಯಿಂಟ್ ನಾಲ್ಕು, ಸಂಜೆ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಆಯಾಸ ಎರಡು. ಎಲ್ಲ ದಿನವೂ ಅದೇ, ಒಂದೇ ಪೆನ್ನು, ಒಂದೇ ಓಟ. ಅಷ್ಟೇ ಅಲ್ಲ, ಅವತ್ತು ಬುಧವಾರ, ಡೈರಿ ಶನಿವಾರದ ತನಕ ತುಂಬಿತ್ತು. ಕಾಲೇಜಿನಲ್ಲಿ ಮೂವತ್ತು ವರ್ಷ ರಿಜಿಸ್ಟರ್ ನೋಡಿದವಳು ನಾನು, ಕೂತಲ್ಲೇ ತುಂಬಿದ ಕಾಲಮ್ ನನಗೆ ಗೊತ್ತಾಗುವುದಿಲ್ಲವೇ? ಕೇಳಬೇಕಿತ್ತು. ಕೇಳಿದರೆ ಜಗಳವಾಗುತ್ತದೆ, ಜಗಳವಾದರೆ ಬಸ್ಸು ತಪ್ಪುತ್ತದೆ, ಆಮೇಲೆ ದಿನಾ ಎರಡು ಹೊತ್ತು ನಾನೇ ಬಂದು ಜ್ವರ ನೋಡಬೇಕಾಗುತ್ತದೆ. ಅವನು ಬಚ್ಚಲಿನಿಂದ ಹೊರಗೆ ಬರುವ ಸದ್ದಾಯಿತು. ಹಾಳೆ ತಿರುಗಿಸಿ ಡೈರಿ ಅಲ್ಲೇ ಇಟ್ಟೆ.

ಅವನು ಅದನ್ನು ಎಲ್ಲಿ ಕಲಿತ ಎಂದು ನನಗೆ ಗೊತ್ತಿತ್ತು. ಅವನು ಕೆಲಸ ಮಾಡುತ್ತಿದ್ದ ಆ ಚಿಕ್ಕ ಫೌಂಡ್ರಿ ಮುಚ್ಚಿ ವರ್ಷಗಳಾದವು. ಅಲ್ಲಿ ಕುಲುಮೆಯ ಶಾಖವನ್ನು ಗಂಟೆಗೊಮ್ಮೆ ಹಾಳೆಯಲ್ಲಿ ಬರೆಯಬೇಕಿತ್ತು. ಬೆವರು ಸುರಿಸಿಕೊಂಡು ಯಾರು ಗಂಟೆಗೊಮ್ಮೆ ಬರೆಯುತ್ತಾರೆ? ಶಿಫ್ಟ್ ಮುಗಿಯುವಾಗ ಟೀ ಕುಡಿಯುತ್ತ ಒಟ್ಟಿಗೇ ತುಂಬುತ್ತಿದ್ದರಂತೆ. ಒಂದೇ ಒಂದು ಅಂಕಿ ಗೆರೆಯಿಂದ ಆಚೆ ಹೋದರೂ ಮಾಲು ಕೊಳ್ಳುವವರು ಇಡೀ ಲಾಟನ್ನೇ ರಿಜೆಕ್ಟ್ ಮಾಡುತ್ತಿದ್ದರು, ಎಲ್ಲರ ಶ್ರಮ ನೀರುಪಾಲು. ಅಂಕಿಯನ್ನು ಗೆರೆಯೊಳಗೆ ಇಡುವವನೇ ಅಲ್ಲಿ ಒಳ್ಳೆಯ ಕೆಲಸಗಾರ. ಈ ಕತೆಯನ್ನು ಅವನೇ ನಗುತ್ತ ಎಷ್ಟೋ ಸಲ ಹೇಳಿದ್ದ, ನಾನೂ ನಕ್ಕಿದ್ದೆ.

ಮೂರು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಹೋದಾಗ ಬಾಗಿಲು ತೆಗೆಯಲು ಬಹಳ ಹೊತ್ತು ಮಾಡಿದ. ಬಿಸಿಲು ಚುರುಗುಟ್ಟುತ್ತಿದ್ದರೂ ಸ್ವೆಟರ್ ಹಾಕಿಕೊಂಡಿದ್ದ. ಕೈ ಮುಟ್ಟಿದರೆ ಸುಡುತ್ತಿತ್ತು. ಥರ್ಮಾಮೀಟರ್ ಇಟ್ಟೆ, ನೂರಾ ಎರಡು ದಾಟಿತ್ತು. ಡೈರಿಯಲ್ಲಿ ಅವತ್ತಿನ ಬೆಳಿಗ್ಗೆಗೂ, ಇನ್ನೂ ಆಗಬೇಕಿದ್ದ ಸಂಜೆಗೂ ತೊಂಬತ್ತೆಂಟು ಪಾಯಿಂಟ್ ನಾಲ್ಕು. ನಾಲ್ಕು ದಿನದಿಂದ ಜ್ವರದ ಮಾತ್ರೆ ನುಂಗುತ್ತಿದ್ದನಂತೆ. ನಾನು ಬಾಯಿಗೆ ಬಂದ ಹಾಗೆ ಬೈದೆ. ನಿನಗೆ ಸಾಯುವ ಚಟ ಇದ್ದರೆ ನನ್ನನ್ನೇಕೆ ಬಸ್ಸಿನಲ್ಲಿ ಓಡಾಡಿಸಿದೆ ಎಂದೆ. ಅವನು ಗೋಡೆ ಹಿಡಿದು ಕೂತ.

‘ರೀಡಿಂಗ್ ಆಚೆ ಹೋದ್ರೆ ರಿಜೆಕ್ಟ್ ಮಾಡ್ತಾರೆ ಕಣೇ,’ ಎಂದ. ‘ಮೊದಲೇ ಗುಳಿಗೆ ಕೊಟ್ಟಿಲ್ಲ. ಈಗ ಅವರೂ ಕೈಬಿಟ್ರೆ ನನ್ನನ್ನ ಯಾರು ನೋಡ್ತಾರೆ?’

ಪಕ್ಕದ ಬೀದಿಯವರ ಕಾರು ಕೇಳಿ, ಅವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಬಂದೆ. ದಾರಿಯಲ್ಲೇ ಬೆಂಗಳೂರಿಗೆ ಫೋನ್ ಮಾಡಿದೆ. ಅಲ್ಲಿನವರು ಇಲ್ಲಿನ ಡಾಕ್ಟರ ಜೊತೆ ಮಾತಾಡಿ ಯಾವ ಔಷಧಿ ಎಂದು ಹೇಳಿದರು. ಎರಡೂ ಶ್ವಾಸಕೋಶಕ್ಕೆ ಸೋಂಕು ಹತ್ತಿತ್ತು. ಐದು ದಿನ ಐಸಿಯುನಲ್ಲಿದ್ದ. ಐದು ದಿನವೂ ನಾನು ಹೊರಗಿನ ಕುರ್ಚಿಯಲ್ಲಿ ಕೂತು, ಆ ಬುಧವಾರ ಬಸ್ಸು ತಪ್ಪಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದೆ. ಇನ್ನೊಂದು ಬಸ್ಸು ಬರುತ್ತಿತ್ತು, ಅಷ್ಟೇ.

ಬದುಕಿಕೊಂಡ. ವಾರ್ಡಿಗೆ ಬಂದ ಮೂರನೇ ದಿನ ಸಂಶೋಧನೆಯ ಹುಡುಗಿ ಫೋನ್ ಮಾಡಿದಳು. ಸ್ಪೀಕರ್‌ಗೆ ಹಾಕಿ ಅವನ ಎದೆಯ ಮೇಲಿಟ್ಟೆ. ಡೈರಿಯೆಲ್ಲ ಸುಳ್ಳು ಎಂದು ಅವನೇ ಒಪ್ಪಿಕೊಂಡ. ರಿಜೆಕ್ಟ್ ಮಾಡಿಬಿಡ್ತೀರಾ ಎಂದು ಮಕ್ಕಳ ಹಾಗೆ ಕೇಳಿದ. ಹುಡುಗಿ, ಯಾಕೆ ಸರ್ ರಿಜೆಕ್ಟ್ ಮಾಡ್ತೀವಿ, ಜ್ವರ ಯಾರಿಗೆ ಬರುತ್ತೆ, ಎಷ್ಟು ಬರುತ್ತೆ ಅಂತ ತಿಳಿಯೋಕೇ ಅಲ್ವಾ ಇಷ್ಟೆಲ್ಲ ಮಾಡ್ತಿರೋದು ಎಂದಳು. ಆದರೆ ಮನೆಗೆ ಬಂದ ಮೇಲಿನ ಹಾಳೆಗಳು ಯಾವುದಕ್ಕೂ ಉಪಯೋಗಕ್ಕೆ ಬರುವುದಿಲ್ಲ, ಅವನ್ನು ಲೆಕ್ಕದಿಂದ ತೆಗೆಯಬೇಕಾಗುತ್ತದೆ. ಇವತ್ತಿನಿಂದ ನಿಜ ಬರೆಯಿರಿ, ಇವತ್ತು ಆಯಾಸ ಎಷ್ಟು ಎಂದು ಕೇಳಿದಳು. ಅಣ್ಣ ಕಣ್ಣು ಮುಚ್ಚಿ ‘ಒಂಬತ್ತು’ ಎಂದ.

ಆಮೇಲೆ ಅವಳು ನನ್ನನ್ನು ಕರೆದಳು. ವರದಿಯಲ್ಲಿ ಬರೆಯಬೇಕಂತೆ, ಡೈರಿ ಹೀಗೆ ತುಂಬುತ್ತಿದ್ದದ್ದು ಮನೆಯವರಿಗೆ ಯಾರಿಗಾದರೂ ಗೊತ್ತಿತ್ತೇ?

‘ಇಲ್ಲಮ್ಮ,’ ಎಂದೆ. ‘ನಂಗೇನೂ ಗೊತ್ತಿರ್ಲಿಲ್ಲ.’

ಸರಿ ಮೇಡಂ ಎಂದು ಅವಳು ಫೋನ್ ಇಟ್ಟಳು. ನಾನು ಗಂಜಿಯ ಲೋಟ ತೊಳೆಯಲು ಎದ್ದೆ. ಅಣ್ಣ ಕಣ್ಣು ತೆರೆಯದೆಯೇ ಮಾತಾಡಿದ. ಕೋಪ ಇರಲಿಲ್ಲ, ಕೋಪ ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

‘ಅವತ್ತು ನೀನು ಡೈರಿ ನೋಡಿದ್ದು ನಂಗೆ ಗೊತ್ತು. ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಕೇಳ್ತೀಯೇನೋ ಅಂತ ಕಾದೆ. ನೀನು ಬ್ಯಾಗ್ ತಗೊಂಡು ಹೊರಟೆ. ಪಾಪ, ಇವಳಿಗೂ ಸಾಕಾಗಿದೆ ಅನ್ಕೊಂಡೆ.’

ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಆ ಒಂದು ಲೋಟ ತೊಳೆದೆ. ಆಮೇಲೆ ಕಾರಿಡಾರಿಗೆ ಹೋಗಿ ಹುಡುಗಿಗೆ ವಾಪಸ್ ಫೋನ್ ಹಚ್ಚಿದೆ. ವರದಿ ತಿದ್ದಿ ಬರ್ಕೊಳಮ್ಮ, ಅವನ ತಂಗಿಗೆ ಗೊತ್ತಿತ್ತು ಎಂದೆ. ಆ ಕಡೆಯಿಂದ ಕಂಪ್ಯೂಟರಿನ ಕೀಲಿಗಳ ಸದ್ದು ಕೇಳಿಸಿತು. ಬೈಯಲಿಲ್ಲ, ಸಮಾಧಾನವೂ ಹೇಳಲಿಲ್ಲ. ಅಡ್ಮಿಟ್ ಆಗೋಕೆ ಎಷ್ಟು ದಿನ ಮೊದಲಿಂದ ಮೇಡಂ ಎಂದಷ್ಟೇ ಕೇಳಿದಳು.

‘ಮೂರು ವಾರ,’ ಎಂದೆ.