ತಣ್ಣಗಾಗುವ ತಮಟೆ

ಮದುವೆ ಮೆರವಣಿಗೆಗೆ, ಗಣೇಶನನ್ನು ಬಿಡುವ ದಿನಕ್ಕೆ ಕುಣಿಯುವ ಹಾಡು ಮಾಡಿಕೊಡುವುದು ನನ್ನ ಕಸುಬು. ಐ.ಡಿ.ಹಳ್ಳಿಯ ಹತ್ತಿರದ ನಮ್ಮೂರಲ್ಲಿ, ಹಿಂದೆ ರಾಗಿ ಮೂಟೆ ಇಡುತ್ತಿದ್ದ ಕೋಣೆಯೇ ಸ್ಟುಡಿಯೋ. ಗೋಡೆಗೆ ಹಳೇ ಕಂಬಳಿ ಹೊಡೆದಿದ್ದೇನೆ. ಒಂದು ಕಂಪ್ಯೂಟರ್, ಎರಡು ಸ್ಪೀಕರ್. ಶಿರಾದವರು ಫೋನ್ ಮಾಡಿ "ಭಾಯ್, ಬೇಸ್ ಎದೇಗೆ ಗುದ್ದಬೇಕು" ಅನ್ನುತ್ತಾರೆ. ಪಾವಗಡದವರು ಅದನ್ನೇ ಅರ್ಧ ತೆಲುಗಿನಲ್ಲಿ ಹೇಳುತ್ತಾರೆ. ಗುದ್ದಿಸುತ್ತೇನೆ. ಅದರಲ್ಲಿ ನನಗೆ ನಾಚಿಕೆಯೇನಿಲ್ಲ. ಆದರೆ ಇವನು ಬೇರೆ ಏನಾದರೂ ಮಾಡಬಲ್ಲ ಅಂತ ನಾಲ್ಕು ಜನ ಹೇಳಲಿ ಎಂಬ ಆಸೆ ಒಳಗೊಳಗೇ ಇತ್ತು.

ಆಸೆಗೆ ಸರಿಯಾಗಿ ಮೇಷ್ಟ್ರು ಸಿಕ್ಕರು. ಇಂಟರ್ನೆಟ್ಟಿನಲ್ಲಿ ಇನ್ನೇನೋ ಹುಡುಕುವಾಗ ಯಾರೂ ಹೆಚ್ಚು ಕೇಳಿರದ ಒಂದು ರೆಕಾರ್ಡಿಂಗ್ ಕಣ್ಣಿಗೆ ಬಿತ್ತು. ಒಂದೇ ತಮಟೆ. ಬೆಂಕಿಗೆ ಕಾಯಿಸಿ, ಬಿಸಿ ಇರುವಾಗ ಶುರು ಮಾಡಿ, ಚರ್ಮ ತಣ್ಣಗಾಗಿ ದನಿ ಮಂಕಾಗುವವರೆಗೆ ನುಡಿಸುವುದು. ತಾಳವೇ ಇಲ್ಲ. ಒಂದು ಪೆಟ್ಟು, ಆಮೇಲೆ ಬೆರಳಲ್ಲಿ ಉಜ್ಜುವ ಸದ್ದು. ಮುಂದಿನ ಪೆಟ್ಟು ಯಾವಾಗ ಅಂತ ಹೇಳಲಾಗದು. ವಿಚಾರಿಸಿದರೆ ನುಡಿಸಿದವರು ನಮ್ಮೂರವರೇ! ಊರಾಚೆಯ ಕೇರಿಯಲ್ಲಿ ಹುಟ್ಟಿ, ಓದಿ, ಈಗ ಹೊಳವನಹಳ್ಳಿಯಲ್ಲಿ ಮನೆ ಮಾಡಿಕೊಂಡು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ನಮ್ಮೂರವರೇ ಅಂತ ನನಗೆ ಇಂಟರ್ನೆಟ್ಟು ಹೇಳಬೇಕಾಯಿತು.

ರೀಮಿಕ್ಸ್ ಮಾಡಲೇ ಅಂತ ಫೋನಿನಲ್ಲಿ ಕೇಳಿದೆ. "ಏನ್ ಬೇಕಾದ್ರೂ ಮಾಡ್ಕಳಿ. ಯಾರಿಗೋಸ್ಕರನೋ ಬಡಿದಂಗೆ ಮಾತ್ರ ಕೇಳಿಸಬಾರ್ದು, ಅಷ್ಟೇ" ಅಂದರು. ಮೇಷ್ಟ್ರಲ್ಲವೇ, ಏನೋ ತತ್ವ ಹೇಳುತ್ತಿದ್ದಾರೆ ಅಂದುಕೊಂಡು ಹೂಂ ಅಂದೆ.

ಅವರು ಮೂಲ ರೆಕಾರ್ಡಿಂಗ್ ಕಳಿಸಿದರು. ನಮ್ಮ ಕಸುಬಿನವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಪೆಟ್ಟುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ, ವೇಗ ಹೆಚ್ಚಿಸಿ, ಒಂದು ಬಟನ್ ಒತ್ತಿದೆ. ಅದನ್ನು ಒತ್ತಿದರೆ ಹಿಂದೆಮುಂದೆ ಬಿದ್ದ ಪೆಟ್ಟುಗಳೆಲ್ಲ ತಾಳಕ್ಕೆ ಸರಿಯಾಗಿ ಹೋಗಿ ಕೂರುತ್ತವೆ. ಕೂತವು. ಎಷ್ಟು ಚೆನ್ನಾಗಿ ಕೂತವೆಂದರೆ ನಾನೇ ಬೆರಗಾದೆ. ಗೊತ್ತುಗುರಿಯಿಲ್ಲದ ಸದ್ದಿನೊಳಗಿಂದ ಗಟ್ಟಿಯಾದ ಒಂದು ಬಡಿತ ಎದ್ದು ಬಂತು. ಕೆಳಗೆ ಬೇಸಿನ ದಪ್ಪ ದನಿ ಹಾಕಿ, ನನ್ನ ಬೆನ್ನು ನಾನೇ ತಟ್ಟಿಕೊಂಡು, ಬಾಗಿಲು ತೆಗೆದು ಜೋರಾಗಿ ಹಾಕಿದೆ.

ಬೆಳಗಿನ ಹತ್ತು ಗಂಟೆ. ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವ್ವ ಮೊರ ಕೆಳಗಿಟ್ಟು ಎದ್ದಳು. ಸೆರಗು ತಲೆ ಮೇಲೆ ಎಳೆದುಕೊಂಡು, ಬೀದಿ ಕಡೆ ನೋಡುತ್ತಾ ಬಂದಳು.

"ಯಾರ್ ಹೋಗ್ಬುಟ್ರು ಕಣ್ಲಾ?"

"ಯಾರೂ ಇಲ್ಲ ಕಣವ್ವ. ಇದು ನಂದು, ಕಂಪ್ಯೂಟರ್‌ನಾಗೆ ಮಾಡಿರಾದು."

"ಹೆಣದ ಮುಂದೆ ಬಡಿಯಾದು ಕಣ್ಲಾ ಅದು. ನಿಮ್ ತಾತ ಹೋದಾಗ್ಲೂ ಇಂಗೇ ಬಡುದ್ರು. ಆರಿಸ್ಲಾ ಮೊದ್ಲು!"

ಆರಿಸಿದೆ. ಮೇಷ್ಟ್ರು ಫೋನಿನಲ್ಲಿ ಅಂದದ್ದರ ಅರ್ಥ ಆಗ ಹೊಳೆಯಿತು. ನಮ್ಮಂಥ ಹೊಲಮನೆ ಇರುವವರ ಸಾವಿಗೆ ಬಡಿಯುವುದು ಅವರ ಕೇರಿಯವರ ಮೇಲೆ ಹೊರಿಸಿದ್ದ ಕೆಲಸ. ಅದರಿಂದ ಬಿಡಿಸಿಕೊಳ್ಳಲೆಂದೇ ಆ ಮನುಷ್ಯ ತಾಳ ಬಿಟ್ಟು ನುಡಿಸುತ್ತಿದ್ದರು. ನಾನು ಒಂದೇ ಬಟನ್ನಿನಲ್ಲಿ ಅವರನ್ನು ಎಳೆದು ತಂದು ಮತ್ತೆ ನಮ್ಮ ಮನೆಯ ಹೆಣದ ಮುಂದೆ ನಿಲ್ಲಿಸಿದ್ದೆ.

ಅಳಿಸಿ ಸುಮ್ಮನಿರಬಹುದಿತ್ತು; ಆ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಎರಡು ದಿನ ಹಾಗೇ ಕಳೆದು, ಭಾನುವಾರ ಬೈಕ್ ಹತ್ತಿದೆ. ಮಧುಗಿರಿ, ಕೊರಟಗೆರೆ ದಾಟಿ ಹೊಳವನಹಳ್ಳಿ. ಅವರ ಮನೆಯ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದ ಮೊಳೆಯಲ್ಲಿ ತಮಟೆ. ಮೇಷ್ಟ್ರು ತಾವೇ ಟೀ ಮಾಡಿ ತಂದರು. ಅವ್ವ ಕೇಳಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ.

"ಕೇಳ್ಸಿ" ಅಂದರು.

"ಬ್ಯಾಡಿ ಸಾರ್."

"ಕೇಳ್ಸ್ರೀ."

ಹೆಡ್‌ಫೋನ್ ಹಾಕಿಕೊಂಡರು. ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದ್ದೆ. ಕಾಣುತ್ತಿದ್ದದ್ದು ಅವರ ಬೆರಳು ಮಾತ್ರ. ಅವು ಮೊಣಕಾಲಿನ ಮೇಲೆ ಅದೇ ಬಡಿತವನ್ನು ಒಂದೂ ತಪ್ಪದೆ ಬಡಿಯುತ್ತಿದ್ದವು.

"ನಮ್ಮಪ್ಪನ ಕೈ ಕಣ್ರೀ ಇದು" ಅಂದರು. "ಎಷ್ಟೋ ವರ್ಷದಿಂದ ಇದ್ರಿಂದ ಬುಡಿಸ್ಕಂತಾ ಇದೀನಿ. ಬುಟ್ಟೋಯ್ತು ಅಂದ್ಕಂಡಿದ್ದೆ. ಪೆಟ್ಟು ದೂರ ದೂರ ಹೋಗೈತೆ ಅಷ್ಟೇಯ, ಒಳಗೆ ಅದೇ ಐತೆ."

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಅಳಿಸಿಬಿಡುತ್ತೇನೆ ಅಂದೆ. ಅವರು ಲೋಟ ಪಕ್ಕಕ್ಕಿಟ್ಟರು.

"ನಿಮ್ ತಾತನ ಮುಂದೆ ಬಡಿದೋರು ನಮ್ಮಪ್ಪನೇ. ಪಕ್ಕದಲ್ಲಿ ನಾನೂ ಇದ್ದೆ. ಬಡಿತ ಕೇಳಿದ್ ತಕ್ಷಣ ಎಲ್ರೂ ಯಾರ್ ಹೋದ್ರು ಅಂತ ಕೇಳೋರು. ಬಡೀತಿರೋನು ಯಾರು ಅಂತ ಒಬ್ರೂ ಕೇಳ್ನಿಲ್ಲ."

ಮುಂದಿನ ಎರಡು ವಾರ ಮದುವೆ ಹಾಡುಗಳನ್ನು ಪಕ್ಕಕ್ಕಿಟ್ಟು ಎಲ್ಲರ ಕೈಲೂ ಬೈಸಿಕೊಂಡೆ. ಮೂಲ ರೆಕಾರ್ಡಿಂಗ್ ತೆಗೆದುಕೊಂಡು ಮೊದಲಿಂದ ಶುರು ಮಾಡಿದೆ; ಆ ಬಟನ್ ಮುಟ್ಟಲಿಲ್ಲ. ಮೇಷ್ಟ್ರ ಪೆಟ್ಟು ಎಲ್ಲಿ ಬಿದ್ದಿತ್ತೋ ಅಲ್ಲೇ ಬಿಟ್ಟು, ನನ್ನ ಬೇಸನ್ನು ಅದರ ಹಿಂದೆ ನಡೆಸಿದೆ. ಅವರು ತಡೆದರೆ ಇದೂ ತಡೆಯಬೇಕು, ಚರ್ಮ ತಣ್ಣಗಾದಂತೆ ಇದೂ ಇಳಿಯಬೇಕು. ಹೇಳಿದಷ್ಟು ಸುಲಭವಲ್ಲ, ನಮ್ಮ ಕಸುಬಿನಲ್ಲಿ ಕಾಯುವುದನ್ನು ಯಾರೂ ಕಲಿಸುವುದಿಲ್ಲ. ಮೊದಲ ಸಲ ಕಸವೆಂದು ಕತ್ತರಿಸಿ ಎಸೆದಿದ್ದ ಒಂದು ಸದ್ದನ್ನೂ ಹುಡುಕಿ ವಾಪಸ್ ಹಾಕಿದೆ. ಪೆಟ್ಟು ಹಾಕುವ ಮುಂಚೆ ಅವರು ಉಸಿರು ಎಳೆದುಕೊಳ್ಳುವ ಸದ್ದು ಅದು.

ಮುಗಿದ ದಿನ ಬಾಗಿಲು ತೆಗೆದು ಹಾಕಲು ನನಗೆ ಭಯ. ಅವ್ವ ಹಿತ್ತಲಲ್ಲೇ ಸೊಪ್ಪು ಸೋಸುತ್ತಾ ಕೂತಿದ್ದಳು. ಏಳಲಿಲ್ಲ, ಬೀದಿ ಕಡೆ ನೋಡಲಿಲ್ಲ. ಅರ್ಧಕ್ಕೂ ಮೀರಿ, ತಮಟೆಯ ದನಿ ಮಂಕಾಗುತ್ತಾ ಬಂದಾಗ ತಲೆ ಎತ್ತಿದಳು.

"ಇದ್ಯಾರ್ಲಾ ಬಡೀತಿರಾದು?"

ಮೇಷ್ಟ್ರ ಹೆಸರು ಹೇಳಿದೆ. ನಮ್ಮೂರವರೇ ಅಂತಲೂ ಹೇಳಿದೆ.

"ನಮ್ಮೂರೋರಾ? ಯಾರ್ ಮಗನ್ಲಾ?"

ಅವರಪ್ಪನ ಹೆಸರು ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಮೇಷ್ಟ್ರಿಗೆ ಫೋನ್ ಮಾಡಿ, ಅವ್ವ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ನನಗೆ ಈಗ ಚೆನ್ನಾಗಿ ಗುರುತಿರುವ ಆ ಉಸಿರು ಎಳೆದುಕೊಂಡು, ಮೇಷ್ಟ್ರು ತಮ್ಮ ಅಪ್ಪನ ಹೆಸರು ಹೇಳಿದರು.

ಹಿತ್ತಲಿಗೆ ಕೇಳಿಸುವ ಹಾಗೆ ನಾನು ಅದನ್ನು ಗಟ್ಟಿಯಾಗಿ ಮತ್ತೊಂದು ಸಲ ಹೇಳಿದೆ.